ಪತ್ತೇದಾರ ನೀರು ಕೇಳಿದ ಸಂಜೆ

ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಕಕ್ಕೇರಾದವಳು. ಕುರಿ ಕಾಯುತ್ತ ಬೆಳೆದವಳು, ಶಾಲೆಯ ಹೊಸ್ತಿಲು ತುಳಿದವಳಲ್ಲ. ನಾನು ಶಹಾಪುರದಲ್ಲಿ ಐದನೆಯ ಜಮಾತಿನವರೆಗೆ ಉರ್ದು ಓದಿ ಸುರಪುರಕ್ಕೆ ಸೊಸೆಯಾಗಿ ಬಂದವಳು. ನಮ್ಮಿಬ್ಬರಲ್ಲಿ ಹೊಟ್ಟೆಕಿಚ್ಚು ಪಡಬೇಕಾದವಳು ಅವಳು. ಪಟ್ಟದ್ದು ನಾನು.

ನಾನು ಬರುವ ಹೊತ್ತಿಗೆ ನಿಜಾಮರ ಆಳ್ವಿಕೆ ಮುಗಿದಿತ್ತು. ಶಾಲೆಯ ಬೋರ್ಡು ಕನ್ನಡಕ್ಕೆ ತಿರುಗಿತ್ತು, ಕಚೇರಿಯ ಕಾಗದಗಳೂ ಒಂದೊಂದಾಗಿ ತಿರುಗುತ್ತಿದ್ದವು. ಅಪ್ಪ ಕಿವಿ ಹಿಂಡಿ ಕಲಿಸಿದ ನನ್ನ ಉರ್ದು ಯಾರಿಗೂ ಬೇಡವಾಯಿತು. ಅದು ಉಪಯೋಗಕ್ಕೆ ಬರುವ ಜಾಗ ಒಂದೇ ಉಳಿದಿತ್ತು, ಟೂರಿಂಗ್ ಟಾಕೀಸಿನ ಡೇರೆ. ಆ ಜಾಗದಲ್ಲಿ ನನ್ನ ನೆಗೆಣ್ಣಿ ಮೊದಲೇ ಕೂತುಬಿಟ್ಟಿದ್ದಳು.

ಡೇರೆ ಹಾಕುತ್ತಿದ್ದದ್ದು ನಮ್ಮ ಮಾವನ ಖಾಲಿ ಜಾಗದಲ್ಲಿ. ಹಾಗಾಗಿ ನಮ್ಮ ಮನೆಯ ಹೆಂಗಸರಿಗೆ ಟಿಕೀಟಿಲ್ಲ. ಗಂಡಸರಿಗೂ ಹೆಂಗಸರಿಗೂ ನಡುವೆ ಗೋಣಿತಟ್ಟು ಇಳಿಬಿಟ್ಟಿರುತ್ತಿದ್ದರು. ಬರುತ್ತಿದ್ದದ್ದು ಹಿಂದಿ ಸಿನಿಮಾ, ಅದರ ಉರ್ದು ಬೆರೆತ ಮಾತು ನಮ್ಮ ಓಣಿಯ ಹೆಂಗಸರಿಗೆ ತಿಳಿಯುತ್ತಿರಲಿಲ್ಲ. ಪುರಾಣಕ್ಕೆ ಅರ್ಥ ಹೇಳುವವರಿರುವ ಹಾಗೆ ಸಿನಿಮಾಕ್ಕೂ ಒಬ್ಬಳು ಅರ್ಥ ಹೇಳುವವಳು ಬೇಕಾಗಿತ್ತು. ಅವಳು ಚಾಪೆಯ ನಟ್ಟನಡುವೆ ಕೂರಬೇಕು, ಉಳಿದವರು ಸುತ್ತ. ತೆರೆಯ ಮೇಲೆ ಯಾರಾದರೂ ಬಾಯಿ ತೆರೆದರೆ ಸಾಕು, "ಯಕ್ಕಾ, ಏನಂತಾನ ಬೇ ಅವ?" ಎಂದು ಹತ್ತು ಬಾಯಿ ಕೇಳುತ್ತಿದ್ದವು. ನನ್ನ ನೆಗೆಣ್ಣಿ ಹೇಳುತ್ತಿದ್ದಳು. ಅವಳಿಗೆ ಬರುತ್ತಿದ್ದದ್ದು ಸಂತೆಯಲ್ಲಿ ಬದನೆಕಾಯಿ ಚೌಕಾಶಿ ಮಾಡುವಷ್ಟು ಉರ್ದು. ಹೇಳುತ್ತಿದ್ದದ್ದೆಲ್ಲ ತಪ್ಪು, ಮೊದಲಿನಿಂದ ಕೊನೆಯವರೆಗೆ ತಪ್ಪು.

ತುಂಬಿದ ಕೊಡ ತುಳುಕುವುದಿಲ್ಲ ಎಂದುಕೊಂಡು ಕೆಲವು ತಿಂಗಳು ಸುಮ್ಮನಿದ್ದೆ. ಹಾಗೆಂದು ಹೇಳಿಕೊಂಡೆ ಅಷ್ಟೆ, ಒಳಗೆ ಕುದಿಯುತ್ತಿದ್ದೆ. ಮನೆಯಲ್ಲೂ ಅವಳ ರೊಟ್ಟಿ ಉಬ್ಬುತ್ತಿತ್ತು, ನನ್ನದು ಹರಿಯುತ್ತಿತ್ತು. ಅದನ್ನಾದರೂ ಸಹಿಸಬಹುದು, ರೊಟ್ಟಿ ಬಡಿಯುವುದನ್ನು ನನಗೆ ಯಾರೂ ಐದು ವರ್ಷ ಕಲಿಸಿರಲಿಲ್ಲ.

ಆಗ ಬಂತು ಆ ಪತ್ತೇದಾರನ ಸಿನಿಮಾ. ಒಂದೇ ಹಾಡು, ಹೊಡೆದಾಟ ಇಲ್ಲವೇ ಇಲ್ಲ. ಅದರ ಪತ್ತೇದಾರ ಕೆಮ್ಮುತ್ತಾನೆ, ಕುಡಿಯುತ್ತಾನೆ, ಅಂಗಿಯ ಗುಂಡಿ ಹಾಕಿಕೊಳ್ಳುವುದಿಲ್ಲ. ಬಡ್ತಿಯ ಆಸೆಗೆ ಅವಸರ ಮಾಡಿ ಒಬ್ಬ ಅಮಾಯಕನನ್ನು ಕೊಲೆಗಾರನೆಂದು ಹಿಡಿದುಕೊಡುತ್ತಾನೆ. ಆ ಅಮಾಯಕನಿಗೆ ಗಲ್ಲಾಗುತ್ತದೆ. ಆಮೇಲೆ ನಿಜವಾದ ಕೊಲೆಗಾರನ ಸುಳಿವು ಸಿಗುತ್ತದೆ. ಉಳಿದ ಸಿನಿಮಾ ಪೂರ್ತಿ ಪತ್ತೇದಾರ ತನ್ನ ತಪ್ಪಿನ ಬೆನ್ನು ಹತ್ತಿ ಅಲೆಯುತ್ತಾನೆ. ಕೊನೆಗೆ ಸತ್ತವನ ತಾಯಿಯ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಅವಳಿಗೆ ಅವನು ಯಾರೆಂದು ಗೊತ್ತಿಲ್ಲ. ಕುಡಿಯಲು ನೀರು ಕೊಡಿ ಎನ್ನುತ್ತಾನೆ, ಕುಡಿಯುತ್ತಾನೆ, ಲೋಟ ಕೊಟ್ಟು ಹೋಗಿಬಿಡುತ್ತಾನೆ. ಅಲ್ಲಿಗೆ ಮುಗಿಯಿತು.

ಗಂಡಸರಿಗೆ ಯಾರಿಗೂ ಹಿಡಿಸಲಿಲ್ಲ. ಅವರಲ್ಲಿ ಮುಕ್ಕಾಲು ಮಂದಿಗೆ ಉರ್ದು ತಿಳಿಯುತ್ತಿತ್ತು, ತಿಳಿದೇ ಬೈದರು. ಮರುದಿನ ನಮ್ಮ ಕಟ್ಟೆಯ ಮೇಲೆ ಅದೇ ಮಾತು. "ಇಂಥಾ ಪೊಲೀಸರನ್ನ ನಾವು ಬೇಕಾದಷ್ಟು ನೋಡೀವಿ, ರೊಕ್ಕಾ ಕೊಟ್ಟು ನೋಡಬೇಕೇನು?" ಎಂದ ಎದುರಿನ ಎಣ್ಣೆ ಅಂಗಡಿಯವನು. ನನ್ನ ಭಾವ, "ಹೀರೋ ಆದಾಂವ ತಪ್ಪ ಮಾಡಬಾರದು. ಮಾಡಿದ್ರ ಸಾಯಬೇಕು. ಇದೇನು, ನೀರು ಕುಡದು ಹೋದ!" ಎಂದರು. ಕೊಲೆಗಾರ ಯಾರೆಂದು ಮೊದಲೇ ತಿಳಿದುಹೋಗುತ್ತದೆ ಎಂದು ನನ್ನ ಗಂಡನ ತಕರಾರು. ಎರಡನೆಯ ದಿನ ಗೋಣಿತಟ್ಟಿನ ಆಚೆ ಬೀಡಿಯ ಹೊಗೆಯೇ ಇರಲಿಲ್ಲ.

ಈಚೆ, ಹೆಂಗಸರ ಕಡೆ ಮಾತ್ರ ಕಾಲಿಡಲು ಜಾಗವಿಲ್ಲ. ಯಾಕೆಂದರೆ ಈಚೆ ನಡೆಯುತ್ತಿದ್ದದ್ದು ಬೇರೆಯೇ ಸಿನಿಮಾ. ನನ್ನ ನೆಗೆಣ್ಣಿಯ ಪ್ರಕಾರ ಗಲ್ಲಿಗೇರಿದವನು ಪತ್ತೇದಾರನ ಒಡಹುಟ್ಟಿದ ತಮ್ಮ, ಚಿಕ್ಕಂದಿನಲ್ಲಿ ಜಾತ್ರೆಯ ಗದ್ದಲದಲ್ಲಿ ಕೈತಪ್ಪಿದವನು. ಆ ಮುದುಕಿ ಇಬ್ಬರಿಗೂ ತಾಯಿ. ಕೊನೆಯಲ್ಲಿ ಪತ್ತೇದಾರ ಬಾಯಿ ತೆರೆದದ್ದೇ ತಡ, ಇವಳು ಎದೆ ಮುಟ್ಟಿಕೊಂಡು ಹೇಳುತ್ತಿದ್ದಳು: "ಯವ್ವಾ, ನಿನ್ನ ಮಗನ್ನ ನಾನ ಕೊಂದೆ. ನಾನೂ ನಿನ್ನ ಹೊಟ್ಟ್ಯಾಗ ಹುಟ್ಟಿದಾಂವ. ಹೊಡಿ, ಬಡಿ, ಒಳಗ ಕರಕೋ." ಚಾಪೆಯ ತುಂಬ ಸೆರಗು ಕಣ್ಣಿಗೆ ಹೋಗುತ್ತಿತ್ತು.

ನನಗೆ ಇನ್ನೂ ಉರಿದದ್ದು ಬೇರೊಂದಕ್ಕೆ. ಮೊದಲ ದಿನ ಪತ್ತೇದಾರ ತೆರೆಯ ಮೇಲೆ ಬಂದ ಕೂಡಲೇ ಇವಳು, "ಇವನ ಹೇಣ್ತಿ ಬಿಟ್ಟು ಹೋಗ್ಯಾಳ ನೋಡ್ರಿ. ಗುಂಡಿ ಹಚ್ಚೋರಿಲ್ಲ," ಎಂದಳು. ಬಾಯಿಗೆ ಬಂದದ್ದು ಹೇಳುತ್ತಾಳೆ ಎಂದು ನಾನು ಮೂಗು ಮುರಿದೆ. ಅರ್ಧ ತಾಸಿನ ಮೇಲೆ ಸಿನಿಮಾದಲ್ಲಿ ಅದೇ ಮಾತು ಬಂತು. ಹೆಂಡತಿ ನಿಜಕ್ಕೂ ಬಿಟ್ಟು ಹೋಗಿದ್ದಳು. ಮಾತೆಲ್ಲ ತಿಳಿಯುವ ನನಗೆ ಆ ಗುಂಡಿ ಕಂಡಿರಲಿಲ್ಲ.

ಅವಳದು ಓದಾಗಿದ್ದರೆ ನಾನೂ ಓದುತ್ತಿದ್ದೆ. ರಾತ್ರಿಯೆಲ್ಲ ಕೂತು ಓದಿ ಅವಳನ್ನು ದಾಟಿ ಹೋಗುತ್ತಿದ್ದೆ. ಇದನ್ನು ಎಲ್ಲಿ ಹೋಗಿ ಕಲಿಯಲಿ?

ನಮ್ಮ ಹಿತ್ತಲಿನ ಆಚೆ ಮನೆಯ ಚಾಚಿಗೆ ಸಿನಿಮಾದ ಮಾತೆಲ್ಲ ತಿಳಿಯುತ್ತಿತ್ತು, ಅವರ ಮನೆಮಾತೇ ಅದು. ಎರಡನೆಯ ದಿನ ಅವಳೂ ಎದ್ದು ಬಂದು ನೆಗೆಣ್ಣಿಯ ಮಗ್ಗುಲಲ್ಲಿ ಕೂತಳು. ನನಗೆ ತಡೆಯಲಾಗಲಿಲ್ಲ. "ಚಾಚಿ, ಇಕಿ ಹೇಳೋದೆಲ್ಲಾ ಸುಳ್ಳು, ನಿಮಗ ಗೊತ್ತೈತೆಲ್ಲ?" ಎಂದು ಕಿವಿಯಲ್ಲಿ ಕೇಳಿದೆ. ಚಾಚಿ ನಕ್ಕಳು. "ಗೊತ್ತೈತಿ ಬೇಟಿ. ಖರೇ ಕತಿ ನಿನ್ನೆ ಕೇಳೀನಿ. ಇವತ್ತು ಇಕೀದು ಕೇಳಾಕ ಬಂದೀನಿ."

ಆ ಸಿನಿಮಾ ನನಗೆ ಬಹಳ ಹಿಡಿಸಿತ್ತು ಎನ್ನುವುದನ್ನು ಇಲ್ಲಿ ಹೇಳಬೇಕು. ಊರಿನಲ್ಲಿ ಅದನ್ನು ಇದ್ದ ಹಾಗೆಯೇ ಮೆಚ್ಚಿದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಗಂಡಸರು ಅದನ್ನು ಬೈದರು, ಹೆಂಗಸರು ಬೇರೆ ಯಾವುದಕ್ಕೋ ಅತ್ತರು. ನನ್ನ ಪತ್ತೇದಾರನನ್ನು ಯಾರೂ ನೋಡಲೇ ಇಲ್ಲ. ಅವನಿಗಾಗಿ ಬಾಯಿ ಬಿಟ್ಟೆ ಎಂದು ಈಗ ಹೇಳಿಕೊಳ್ಳಬಹುದು. ಅದು ಪೂರ್ತಿ ನಿಜವಲ್ಲ. ನನಗೆ ಬೇಕಾಗಿದ್ದದ್ದು ಚಾಪೆಯ ನಡುವಿನ ಜಾಗ.

ಮೂರನೆಯ ಸಂಜೆ, ತಾಯಿಯ ಬಾಗಿಲು ಬಂತು. ನೆಗೆಣ್ಣಿ "ಯವ್ವಾ" ಎಂದು ಶುರು ಮಾಡಿದಳು. ನಾನು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ, "ಸುಳ್ಳು! ಅವ ನೀರು ಕೇಳಾಕತ್ಯಾನ. ತಮ್ಮನೂ ಇಲ್ಲ, ತಾಯಿನೂ ಅಲ್ಲ. ಈ ಅಕ್ಕಗ ಉರ್ದು ಒಂದಕ್ಷರ ಬರಾಂಗಿಲ್ಲ," ಎಂದೆ.

ಅಳುತ್ತಿದ್ದವರು ಅರ್ಧಕ್ಕೇ ಅಳು ನಿಲ್ಲಿಸಿದರು. ಅವಳು ಜಗಳ ತೆಗೆಯುತ್ತಾಳೆ ಎಂದು ನಾನು ಸೊಂಟ ಕಟ್ಟಿ ಕೂತಿದ್ದೆ. ಅವಳು ನನ್ನ ಮುಖ ನೋಡಿದಳು. "ಹೌದೇನು ತಂಗಿ? ನನಗ ತಿಳೀತೈತಿ ಅಂತ ನಾ ಅನ್ಕೊಂಡಿದ್ದೆ," ಎಂದಳು. ತಾನು ಹೇಳುತ್ತಿದ್ದದ್ದು ಸುಳ್ಳೆಂದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಸಿನಿಮಾ ಮುಗಿದು ಏಳುವಾಗ, "ನಾಳಿ ನೀನ ಅರ್ಥ ಹೇಳು," ಎಂದಳು.

ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಖುಷಿಯಾಯಿತು. ಮರುದಿನ ಇಳಕಲ್ಲ ಸೀರೆ ಉಟ್ಟು ಎಲ್ಲರಿಗಿಂತ ಮುಂಚೆ ಹೋಗಿ ನಡುವೆ ಕೂತೆ. ಅವಳು ಗೋಣಿತಟ್ಟಿನ ಅಂಚಿನಲ್ಲಿ ಕೂತಳು. ನಾನು ಮೊದಲಿನಿಂದ ಒಂದು ಮಾತೂ ಬಿಡದೆ ಅರ್ಥ ಹೇಳಿದೆ. ಗಲ್ಲಿನ ಹೊತ್ತಿಗೆ ಇಬ್ಬರು ಎದ್ದು ಹೋಗಿದ್ದರು. ಒಬ್ಬಳು ಅಲ್ಲೇ ಮಲಗಿದ್ದಳು. ಚಾಚಿ ಬಂದೇ ಇರಲಿಲ್ಲ.

ಕೊನೆಗೆ ಪತ್ತೇದಾರ ಬಾಗಿಲಲ್ಲಿ ನಿಂತು ಬಾಯಿ ತೆರೆದ. "ಏನಂದಾ?" ಎಂದಳು ಪಕ್ಕದವಳು.

"ಕುಡಿಲಾಕ ನೀರು ಕೊಡ್ರಿ ಅಂದ."

"ಇಷ್ಟ ಏನು?"

ಎಲ್ಲರೂ ಸೆರಗು ಕೊಡವಿ ಎದ್ದರು. ನಾನು ತಿರುಗಿ ಗೋಣಿತಟ್ಟಿನ ಕಡೆ ನೋಡಿದೆ, ಅವಳ ಮುಖ ಸಣ್ಣದಾಗಿರುವುದನ್ನು ನೋಡಲು. ಅವಳು ಅಳುತ್ತಿದ್ದಳು. ಸಪ್ಪಳವಿಲ್ಲದೆ, ಮೂಗು ಒರೆಸಿಕೊಳ್ಳದೆ. ನಾಲ್ಕು ದಿನದಲ್ಲಿ ನನ್ನ ಕಣ್ಣಿಗೆ ಒಂದು ಹನಿ ಬಂದಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅವಳು ನನ್ನ ಪಕ್ಕದಲ್ಲಿ ನಡೆದಳು. "ನೀರು ಕುಡದು ಹಂಗ ಹೋದ ನೋಡು, ಪಾಪಿ," ಎಂದಳು. "ತಪ್ಪಾತು ಅನ್ನಾಕ ಬಂದಿದ್ದ, ಬಾಯಿ ಬರಲಿಲ್ಲ ಅವಗ. ನಾ ಮೂರು ದಿನ ಸುಮ್ನ ಅವನ ಬಾಯಾಗ ಎಷ್ಟು ಮಾತು ತುರುಕಿಬಿಟ್ಟೆ. ನೀ ಹೇಳಿದ್ದ ಛಲೋ ಐತಿ, ತಂಗಿ."

ಆ ಸಿನಿಮಾದ ಬಗ್ಗೆ ನಾನು ಯಾರಿಗಾದರೂ ಹೇಳಬೇಕೆಂದಿದ್ದದ್ದು ಅಷ್ಟೇ. ಅದನ್ನೂ ಅವಳೇ ಹೇಳಿಬಿಟ್ಟಳು. "ಹೂಂ" ಎಂದು ನಾನು ಬಿರಬಿರನೆ ಮುಂದೆ ನಡೆದೆ.