ಕಪ್ಪು ಫಿಲ್ಮಿನ ನಕ್ಷತ್ರಗಳು

2001ರಲ್ಲಿ ನಾನು ಮಣಿಪಾಲದ ಸಣ್ಣ ಮುದ್ರಣಾಲಯವೊಂದರಲ್ಲಿ ಡಿಟಿಪಿ ವಿಭಾಗದ ಮೇಲ್ವಿಚಾರಕನಾಗಿದ್ದೆ. ವರ್ಷ ಒಂದು ಹಿಂದೆಮುಂದೆ ಇರಬಹುದು. ಅಶ್ರಫ್‌ನ ಮುಖ ಮಾತ್ರ ಖಚಿತ.

ಕಾಪುವಿನ ಅಶ್ರಫ್ ನಮ್ಮಲ್ಲಿ ತಾತ್ಕಾಲಿಕ ಆಪರೇಟರ್. ಮದುವೆ ಕಾಗದಗಳ ನಡುವೆ ಫೋಟೋಶಾಪ್‌ನಲ್ಲಿ ಗ್ರಹಗಳನ್ನು ಸೃಷ್ಟಿಸುತ್ತಿದ್ದ. ದುಬೈಯಲ್ಲಿರುವ ಮಾವನ ಅಂಗಡಿಗೆ ಅವನ ವೀಸಾ ಬಂದಾಗಿತ್ತು. ಇಲ್ಲಿ ಡಿಸೈನರ್ ಕೆಲಸ ಖಾಯಂ ಆದರೆ ಮಾತ್ರ ಉಳಿಯಬಹುದು ಎಂದು ಅವನ ಉಪ್ಪ, ಅಂದರೆ ತಂದೆ, ಹೇಳಿದ್ದರು. ನಮ್ಮ ಧಣಿಗಳ ಷರತ್ತು ಒಂದೇ: "ಸ್ಕ್ರೀನಿನಲ್ಲಿ ಎಲ್ಲವೂ ಚಂದವೇ. ಅಚ್ಚಾಗಿ ಬರಲಿ, ಮತ್ತೆ ನೋಡುವ." ಒಂದು ಪುಸ್ತಕದ ಕವರ್ ಹಾಳೆಯ ಖಾಲಿ ಅಂಚಿನಲ್ಲಿ ಅವನ ಚಿತ್ರ ಅಚ್ಚು ಹಾಕಿ ನೋಡಲು ಜಾಗ ಕೊಟ್ಟರು.

ಮೊದಲ ಚಿತ್ರ ನೋಡಿ ನಾನು ಕೇಳಿದೆ, "ಗ್ರಹದ ಕತ್ತಲ ಬದಿಯೊಳಗೆ ನಕ್ಷತ್ರ ಎಂತಕ್ಕೆ ಮಾರಾಯ? ಗ್ರಹ ತೂತಾಗಿದೆಯಾ?"

ಅವನು ನಕ್ಕ. ತಿದ್ದಿದ. ಒಂದೇ ಗಾತ್ರದ ನಕ್ಷತ್ರಗಳನ್ನು ಅಳಿಸಿ, ಕೆಲವನ್ನು ಮಸುಕಾಗಿ, ಕೆಲವನ್ನು ಗುಂಪಾಗಿ ಇಟ್ಟ. ಈಗ ಗ್ರಹದ ಹಿಂದೆ ಆಳ ಬಂತು.

ಆ ಕಾಲದಲ್ಲಿ ಚಿತ್ರವನ್ನು ಮೊದಲು ಬಣ್ಣಕ್ಕೊಂದರಂತೆ ನಾಲ್ಕು ಫಿಲ್ಮಿಗೆ ತೆಗೆದು, ಅದರಿಂದ ಅಚ್ಚಿನ ಪ್ಲೇಟ್ ಮಾಡುತ್ತಿದ್ದೆವು. ಫಿಲ್ಮಿನ ಕಪ್ಪು ಭಾಗದಲ್ಲಿ ಧೂಳಿನಿಂದ ಸಣ್ಣ ತೂತು ಉಳಿದರೆ ಕಾಗದದಲ್ಲಿ ಬಿಳಿ ಚುಕ್ಕೆ ಕಾಣುತ್ತದೆ. ಅಂಥವನ್ನು ಬ್ರಶ್ಶಿನಿಂದ ಬಣ್ಣ ಹಚ್ಚಿ ಮುಚ್ಚುವ ಕೆಲಸಕ್ಕೆ ಸ್ಪಾಟಿಂಗ್ ಎನ್ನುತ್ತಾರೆ. ನಮ್ಮಲ್ಲಿ ಅದನ್ನು ಮಾಡುತ್ತಿದ್ದವರು ಕಟಪಾಡಿಯ ವಿಮಲಕ್ಕ.

ಅಚ್ಚಾದ ಹಾಳೆ ಬಂತು. ಗ್ರಹ ಇತ್ತು. ಸುತ್ತ ಬರೀ ಕಪ್ಪು.

"ಎಂತ ಧೂಳು ಮಾರಾಯ್ರೆ," ವಿಮಲಕ್ಕ ಕಣ್ಣುಜ್ಜಿಕೊಂಡರು. "ನಾಲ್ಕೂ ಫಿಲ್ಮಿನಲ್ಲಿ. ಒಂದು ಚುಕ್ಕೆ ಬಿಡಲಿಲ್ಲ ನಾನು."

"ಅಕ್ಕ, ಅದು ನಕ್ಷತ್ರ," ಎಂದ ಅಶ್ರಫ್.

"ಅಷ್ಟು ಸಣ್ಣದಾ?"

ಯಾರೂ ಬೈಯಲಿಲ್ಲ. ಬೈಯುವುದಕ್ಕೆ ತಪ್ಪು ಯಾರದು? ಒದ್ದೆ ಹತ್ತಿಯಿಂದ ಫಿಲ್ಮಿನ ಮೇಲಿನ ಬಣ್ಣ ಒರೆಸಿದೆವು. ಬೆಳಕಿನ ಮೇಜಿನ ಮೇಲೆ ನಕ್ಷತ್ರಗಳು ಒಂದೊಂದಾಗಿ ಮರಳಿದವು. ಅಶ್ರಫ್ ಆ ಫಿಲ್ಮನ್ನೇ ಹಿಡಿದುಕೊಂಡು ಧಣಿಗಳ ಕೋಣೆಗೆ ಹೋದ. ನಾನೂ ಹಿಂದೆ ಹೋದೆ. ಅವರು ತಲೆ ಎತ್ತಲಿಲ್ಲ. "ಚುಕ್ಕೆಗೋಸ್ಕರ ಮತ್ತೆ ಪ್ಲೇಟ್ ಮಾಡುವುದಾ? ಮುಂದಿನ ಕಲರ್ ಕೆಲಸ ಬರಲಿ."

"ಅಷ್ಟು ದಿನ ತಡೆಯಲಿಕ್ಕೆ ಆಗುವುದಿಲ್ಲವಾ?" ಹೊರಗೆ ಬಂದು ಕೇಳಿದೆ.

"ಟಿಕೆಟ್ ಆಗಿ ಉಂಟು ಸರ್. ಉಪ್ಪನಿಗೆ ತೋರಿಸಲಿಕ್ಕೆ ಎಂತ ಉಂಟು ನನ್ನ ಹತ್ತಿರ? ಈ ಕಪ್ಪಾ?"

ಅವನು ಹೋದ ಮೇಲೆ ಕಲರ್ ಕೆಲಸ ಬಂತು. ನಕ್ಷತ್ರಗಳ ಸಮೇತ ಆ ಚಿತ್ರವನ್ನು ಅಚ್ಚು ಹಾಕಿಸಿದೆ. ಅದನ್ನು ನೋಡಿ ಧಣಿಗಳು "ಇವನನ್ನು ಬರಲು ಹೇಳಿ" ಎಂದರು ಎಂದು ನಾನು ಎಷ್ಟೋ ಮಂದಿಗೆ ಹೇಳಿದ್ದೇನೆ. ಅದು ಕಥೆಗೆ ಒಪ್ಪುತ್ತದೆ. ನಿಜವಾಗಿ ಅವರು ಹಾಳೆ ನೋಡಿ, ಮಡಚಿ, ಬೇರೆ ಮಾತಿಗೆ ಹೋದರು ಎಂದು ನನ್ನ ನೆನಪು.

ನಮ್ಮ ಕಣ್ಣಿಗೆ ಸ್ಪಷ್ಟವಾದದ್ದನ್ನು ಮುಂದಿನ ಕೈಗೆ ಬಾಯಿಬಿಟ್ಟು ಹೇಳಬೇಕು, ಚೊಕ್ಕಟ ಮಾಡುವವರಿಗಂತೂ ಮೊದಲೇ ಹೇಳಬೇಕು. ಕೆಲಸ ಕಲಿಸಿದ್ದು ಇಷ್ಟು. ಆಮೇಲೆ ಬೇಕೆಂದೇ ಇಟ್ಟ ಸಣ್ಣ ಚುಕ್ಕೆಗಳಿರುವ ಪ್ರತಿ ಫಿಲ್ಮಿನ ಅಂಚಿನಲ್ಲಿ "ಮುಟ್ಟಬೇಡಿ" ಎಂದು ಬರೆಯುತ್ತಿದ್ದೆ. ಅಶ್ರಫ್ ಅಷ್ಟರಲ್ಲಿ ದುಬೈಯಲ್ಲಿ ಅಕ್ಕಿಮೂಟೆ ಇಳಿಸುತ್ತಿದ್ದ.