ಮಧುರಾ ಕಾಯಿಸಿದ ತುಪ್ಪ

ಆಸ್ಟ್ರೇಲಿಯಾದ ಪರ್ತ್‌ನ ಹ್ಯಾರಿಸ್‌ಡೇಲ್ ಬಡಾವಣೆಯಲ್ಲಿ ಮಧುರಾಳ ಮೈಸೂರುಪಾಕಿಗೆ ದೊಡ್ಡ ಹೆಸರು. ವೆಲ್ಷ್‌ಪೂಲಿನ ಬಣ್ಣದ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದ ಅವಳು ಪಾಕಕ್ಕೂ ಥರ್ಮಾಮೀಟರ್ ಇಡುವವಳು. ಗಂಡ ಉತ್ತಮ್ ಅದನ್ನೇ ಹೇಳಿ ಹೇಳಿ ಅವಳನ್ನು ರೇಗಿಸುತ್ತಿದ್ದ.

ಉತ್ತಮ್‌ಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ. 2015ರ ಹೊತ್ತಿಗೆ ಕಾಲಿನ ಸ್ನಾಯುಗಳು ಹುರಿ ಹಾಕಿದ ಹಾಗೆ ಬಿಗಿದುಕೊಳ್ಳತೊಡಗಿದ್ದವು. ಮಾತ್ರೆ ನುಂಗಿದರೆ ಮಂಪರು ಬರುತ್ತಿತ್ತೇ ಹೊರತು ಕಾಲು ಸಡಿಲವಾಗುತ್ತಿರಲಿಲ್ಲ. ಅವನ ಮೀನಖಂಡ ತಿಕ್ಕಿ ತಿಕ್ಕಿ ಮಧುರಾಳ ಕೈ ಸೋತುಹೋಗಿತ್ತು. ಗಾಂಜಾದ ಸಾರದಿಂದ ಇಂಥವರಿಗೆ ಹಾಯೆನಿಸುತ್ತದೆ ಎಂದು ಎಲ್ಲೋ ಓದಿದಳು. ಆಗ ಅದನ್ನು ಬರೆದುಕೊಡುವ ಡಾಕ್ಟರು ಸಿಗುವುದೇ ಕಷ್ಟ. ಕೊನೆಗೆ ಜೊತೆಯಲ್ಲಿ ಕೆಲಸ ಮಾಡುವವನೊಬ್ಬ ತನ್ನ ಹಿತ್ತಲಲ್ಲಿ ಬೆಳೆದದ್ದನ್ನು ಪೊಟ್ಟಣ ಕಟ್ಟಿ ಕೊಟ್ಟ.

ಸ್ಪಿರಿಟ್ ಹಾಕಿ ಸಾರ ತೆಗೆದರೆ ಮನೆಗೇ ಬೆಂಕಿ ಬಿದ್ದೀತು ಅನ್ನೋದು ಅವಳಿಗೆ ಗೊತ್ತಿತ್ತು. ಅದಕ್ಕೇ ತುಪ್ಪದಲ್ಲಿ ಸಾರ ಇಳಿಸಲು ಹೊರಟಳು. ಅಜ್ಜಿ ತುಂಗಮ್ಮ ಒಂದೆಲಗ ಹಾಕಿ ತುಪ್ಪ ಕಾಯಿಸುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದಳು. ಗಾಂಜಾ ಹಾಕಿದ ತುಪ್ಪವನ್ನು ಒಲೆಯ ಮೇಲಿಟ್ಟದ್ದೇ ತಡ, ಮನೆಯೆಲ್ಲಾ ಘಾಟು. ಅದೇ ಹೊತ್ತಿಗೆ ಪಕ್ಕದ ಮನೆಯ ಅಪರ್ಣಾ ಮೈಸೂರುಪಾಕಿನ ಡಬ್ಬಿ ವಾಪಸ್ ಕೊಡಲು ಬಂದಳು. ವಾಸನೆ ಮುಚ್ಚಲು ಮಧುರಾ ಗಡಿಬಿಡಿಯಲ್ಲಿ ಇಂಗು, ಬೆಳ್ಳುಳ್ಳಿ ಒಗ್ಗರಣೆಗೆ ಹಾಕಿದಳು. ಮೆಂತ್ಯ ಸೀದಿರಬೇಕು ಎಂದು ಮರುಕಪಟ್ಟು ಅಪರ್ಣಾ ಹೋದಳು. ಗಂಡ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಭಾನುವಾರ ಊಟಕ್ಕೆ ಉತ್ತಮ್ ಚಪಾತಿಗೆ ಆ ತುಪ್ಪ ಸವರಿಕೊಂಡ. ಏನೂ ಆಗಲಿಲ್ಲವೆಂದು ಇನ್ನೊಂದಿಷ್ಟು ತಿಂದ. ಸಾಯಂಕಾಲದ ಹೊತ್ತಿಗೆ ಕುರ್ಚಿಯ ಕೈ ಬಿಗಿಯಾಗಿ ಹಿಡಿದು ನೆಲ ಜಾರುತ್ತಿದೆ ಅನ್ನತೊಡಗಿದ. ಎದೆ ಹೊಡೆದುಕೊಳ್ಳುತ್ತಿತ್ತು, ಮೈ ಬೆವೆತಿತ್ತು. ಎಷ್ಟು ಸಾರ ಇಳಿದಿದೆ, ಎಷ್ಟು ಅವನ ಹೊಟ್ಟೆಗೆ ಹೋಗಿದೆ, ಹೇಳಲು ಅವಳಲ್ಲಿ ಯಾವ ಅಳತೆಯೂ ಇರಲಿಲ್ಲ. ಆಂಬುಲೆನ್ಸ್‌ಗೆ ಫೋನ್ ಮಾಡಿದಳು. ಪೊಲೀಸರು ಬಂದರೆ ಬರಲಿ ಎಂದುಕೊಂಡು, ಆಂಬುಲೆನ್ಸಿನಲ್ಲಿ ಬಂದ ಹೆಂಗಸಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಆಕೆ ಬೈಯಲಿಲ್ಲ. ನಿಜ ಹೇಳಿದ್ದು ಒಳ್ಳೆಯದಾಯಿತೆಂದು ಹೇಳಿ ಉತ್ತಮನನ್ನು ಆಸ್ಪತ್ರೆಗೆ ಕರೆದೊಯ್ದಳು.

ಮರುದಿನ ಮನೆಗೆ ಬಂದ ಮೇಲೆ ಉತ್ತಮ್ ಅವಳ ಕೈ ಹಿಡಿದುಕೊಂಡ.

"ಮಧು, ಕಾಲು ನೋವು ನಂಗೆ ಅಭ್ಯಾಸ ಆಗಿದೆ. ನಿನ್ನೆ ನಿನ್ನ ಮುಖ ನೋಡಿದ್ನಲ್ಲ, ಅದು ತಡ್ಕೊಳ್ಳೋಕಾಗಲ್ಲ."

"ಇನ್ನು ಮಾಡಲ್ಲ," ಅಂದಳು ಮಧುರಾ. ಉಳಿದ ತುಪ್ಪವನ್ನು ಹಿತ್ತಲ ಮಣ್ಣಿನಲ್ಲಿ ಕಲಸಿ ಕಸಕ್ಕೆ ಹಾಕಿದಳು. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಳು.

2016ರ ಕೊನೆಗೆ ಕಾನೂನು ಬದಲಾಗಿ, ಗಾಂಜಾದ ಔಷಧಿಯನ್ನು ಡಾಕ್ಟರು ಬರೆದುಕೊಡಲು ದಾರಿಯಾಯಿತು. ಆದರೂ ಅರ್ಜಿ, ಅನುಮತಿ ಅಂತ ಅಲೆದಾಟ ತಪ್ಪಲಿಲ್ಲ. ನರರೋಗದ ಡಾಕ್ಟರನ್ನು ಅವಳು ಬಿಡದೆ ಬೆನ್ನುಹತ್ತಿದಳು. ಕಡೆಗೂ ಔಷಧಿ ಅಂಗಡಿಯಿಂದ ಅಳತೆ ನಮೂದಿಸಿದ ಪುಟ್ಟ ಶೀಷೆ ಮನೆಗೆ ಬಂತು. ಪವಾಡವೇನೂ ಆಗಲಿಲ್ಲ. ಬಿಗಿತ ಒಂದಿಷ್ಟು ಇಳಿಯಿತು, ನಿದ್ದೆ ಹತ್ತಿತು. ಅವನಿಗೆ ಹತ್ತಿದ್ದರಿಂದ ಅವಳಿಗೂ ಹತ್ತಿತು.

ಒಮ್ಮೆ ಬ್ರಿಸ್ಬೇನಿನಿಂದ ಗೆಳತಿ ಪದ್ಮಾ ಫೋನ್ ಮಾಡಿದಳು. ಅವಳ ಅತ್ತೆಗೆ ವಿಪರೀತ ನರನೋವು. ಆ ತುಪ್ಪ ಮನೆಯಲ್ಲೇ ಮಾಡುವ ವಿಧಾನ ಹೇಳು ಎಂದು ಬೇಡಿಕೊಂಡಳು. ಮಧುರಾ ವಿಧಾನ ಹೇಳಲಿಲ್ಲ. ಆ ಭಾನುವಾರ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಅಲ್ಲಿನ ಡಾಕ್ಟರನ್ನು ಏನೇನು ಕೇಳಬೇಕೆಂದು ತಿಳಿಸಿ, ಅತ್ತೆಗೇ ಫೋನ್ ಕೊಡು ಅಂದಳು. ಆ ಮುದುಕಿಯ ಜೊತೆ ಮಾತಾಡುತ್ತಾ ಕೂತವಳು ಅಡುಗೆಯನ್ನೇ ಮರೆತಳು. ಆ ಸಂಜೆ ಸಾರು ಮಾಡಿದ್ದು ಉತ್ತಮ್.