ದಾಳಿಂಬೆ ಸೀರೆಗೆ ಸಣ್ಣ ಯಂತ್ರ

ಮದುಮಗಳ ತಾಯಿ ನಾನು ಮಾಡಿಕೊಟ್ಟ ಆಲ್ಬಮ್ಮನ್ನು ಎರಡೇ ಬೆರಳಲ್ಲಿ ಹಿಡಿದೆತ್ತಿದರು.

"ಮಗಳ ಸೀರಿ ದಾಳಿಂಬರಿ ಬಣ್ಣದ್ದೋ ತಮ್ಮಾ. ಇದರಾಗ ಇಟ್ಟಂಗಿ ಆಗೇತಿ. ಇಟ್ಟಂಗಿ ಉಟ್ಟು ಯಾರರ ಲಗ್ನಾ ಮಾಡ್ಕೋತಾರೇನು?"

ಫೋಟೊಗಿಂತ ಮಂದಿಯ ಧ್ವನಿ ಅನುಕರಿಸುವುದರಲ್ಲೇ ನಾನು ಹೆಚ್ಚು ಹೆಸರುವಾಸಿ. ಅಂದು ನನ್ನ ಸ್ವಂತ ಧ್ವನಿಯಲ್ಲೇ ತಪ್ಪಾಯಿತೆಂದೆ. ಆಲ್ಬಮ್ ಸರಿಮಾಡಿಕೊಟ್ಟರೆ ಕಿರಿಯ ಮಗಳ ಮದುವೆಯ ಕೆಲಸವೂ ನನಗೆ. ಇಲ್ಲದಿದ್ದರೆ ಬೇರೆಯವರಿಗೆ ಎಂದು ಹೇಳಿ ಕಳಿಸಿದರು.

ವಿದ್ಯಾನಗರದ ಕ್ಯಾಮೆರಾ ಅಂಗಡಿಯ ಕಾಕಾ ಪ್ರತಿ ಮಾತಿಗೂ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ. ನಾನೂ ಗಂಟಲು ಸರಿಮಾಡಿಕೊಂಡೇ ಕಥೆ ಹೇಳಿದೆ. ಅಣಕಿಸುತ್ತಿದ್ದೇನೆಂದು ಅವರಿಗೆ ಗೊತ್ತಾಯಿತು. ವ್ಯಾಪಾರದ ಹೊತ್ತು, ಬೈಯದೆ ಆಲ್ಬಮ್ ತಿರುವಿದರು.

"ತಪ್ಪು ಪ್ರಿಂಟ್ ಹಾಕಿದಾವಂದಲ್ಲ. ನಿನ್ನ ಮಾನಿಟರ್ ನೀಲಿ ತೋರಸ್ತಿರಬೇಕು. ಅದನ್ನ ನಂಬಿ ನೀ ಹಳದಿ ಸುರದೀ."

ಮಾನಿಟರ್ ಪರದೆಗೆ ತೂಗುಹಾಕಿ ಬಣ್ಣ ಅಳೆಯುವ ಎರಡು ಯಂತ್ರಗಳನ್ನು ಗಾಜಿನ ಕೌಂಟರ್ ಮೇಲಿಟ್ಟರು. ಎರಡೂ ಕಂಪ್ಯೂಟರ್ ಮೌಸಿನಂತೆಯೇ ಇದ್ದವು. ಸಣ್ಣದು ಪರದೆಯನ್ನಷ್ಟೇ ಅಳೆಯುತ್ತದೆ, ದೊಡ್ಡದು ಕೋಣೆಯ ಬೆಳಕನ್ನೂ ಅಳೆಯುತ್ತದೆ. ನನಗೆ ಅರ್ಥವಾಗದ ವಸ್ತುಗಳಲ್ಲಿ ದೊಡ್ಡದನ್ನು ಕೊಳ್ಳುವುದು ನನ್ನ ಪದ್ಧತಿ.

"ದೊಡ್ಡದ ಕೊಡ್ರಿ, ಕಾಕಾ."

"ತಡಿ. ನೀ ಕುಂತು ಕೆಲಸಾ ಮಾಡೂ ಖೋಲಿ ಹೆಂಗೈತಿ?"

"ಕಮರಿಪೇಟ್ಯಾಗ ಮನಿ ಮ್ಯಾಲಿನ ಖೋಲಿರಿ. ಗ್ವಾಡಿ ಗಿಳಿ ಹಸರು, ಕಿಡಕಿ ಪರದೆ ಕೇಸರಿ."

ಕಾಕಾ ಬಹಳ ಹೊತ್ತು ಗಂಟಲು ಸರಿಮಾಡಿಕೊಂಡರು.

"ಸಣ್ಣದು ತಗೋ. ಮೊದಲ ಗ್ವಾಡಿಗೆ ಬೂದಿ ಬಣ್ಣಾ ಹಚ್ಚು. ಆ ಖೋಲಿ ಬೆಳಕು ಅಳದ್ರ ದೊಡ್ಡ ಮಷಿನ್‌ಗೆ ಜ್ವರಾ ಬರತೈತಿ."

ಹಚ್ಚಿದೆ. ನನ್ನ ಕೋಣೆ ಸರಕಾರಿ ಕಚೇರಿಯಂತಾಯಿತು. ಯಂತ್ರವನ್ನು ಪರದೆಗೆ ತೂಗುಹಾಕಿದೆ. ಏನೂ ಕಾಣುತ್ತಿಲ್ಲವೆಂದು ಕಂಪ್ಯೂಟರ್ ಮೂರು ಸಲ ದೂರಿತು. ನಾನೂ ಮೂರು ಸಲ ಅದನ್ನೇ ಬೈದೆ. ಆಮೇಲೆ ಯಂತ್ರದ ಮುಚ್ಚಳ ತೆಗೆದೆ.

ಅಳತೆ ಮುಗಿದಾಗ ಪರದೆಗೆ ಅರಿಷಿಣ ಬಳಿದಂತಿತ್ತು. ಕೆಡಿಸಿದೆನೆಂದು ಹೆದರಿದೆ. ಒಂದು ತಾಸು ದಿಟ್ಟಿಸಿದ ಮೇಲೆ ಕಣ್ಣು ಹೊಂದಿಕೊಂಡಿತು. ಇಷ್ಟು ದಿನ ನಾನು ನೋಡಿದ್ದು ನೀಲಿ ಎಂದು ತಿಳಿಯಿತು. ಹಳೆಯ ಕೆಲಸವನ್ನೆಲ್ಲ ತೆರೆದು ನೋಡಿದೆ. ನಾನು ತೆಗೆದ ಮದುಮಕ್ಕಳೆಲ್ಲ ಕಾಮಾಲೆಯಲ್ಲೇ ಲಗ್ನವಾಗಿದ್ದರು. ನನ್ನ ಪ್ರೊಫೈಲ್ ಫೋಟೊದಲ್ಲಿ ನಾನೂ. ಆ ಮದುವೆಯ ಬಣ್ಣವನ್ನೆಲ್ಲ ಹೊಸದಾಗಿ ತಿದ್ದಿ, ಎರಡನೆಯ ಆಲ್ಬಮ್ ಪ್ರಿಂಟ್ ಹಾಕಿಸಿ ಒಯ್ದೆ.

ಆ ತಾಯಿ ಸೀರೆಯನ್ನೇ ಹೊರತಂದು, ಬಾಗಿಲ ಬಿಸಿಲಿನಲ್ಲಿ ಸೆರಗನ್ನು ಫೋಟೊದ ಪಕ್ಕಕ್ಕಿಟ್ಟರು.

"ಸೀರಿ ಖರೇ ಐತಿ," ಎಂದರು. ನಂತರ ಹಾಳೆಗೆ ಇನ್ನಷ್ಟು ಬಗ್ಗಿದರು. "ಅಳಿಯಾ ಯಾಕ ಕರ್ರಗಾದ್ನೋ?"

ಒಳಗೆ ಅವಲಕ್ಕಿ ತಿನ್ನುತ್ತಿದ್ದ ಅಳಿಯ ತಟ್ಟೆಯಿಂದ ತಲೆ ಎತ್ತಲಿಲ್ಲ. "ನಾ ಮೊದಲಿಂದ ಹಿಂಗ ಅದೀನ್ರಿ, ಅತ್ತಿ."

ಆಕೆ ಅಳಿಯನನ್ನು ನೋಡಿದರು, ಫೋಟೊ ನೋಡಿದರು, ಕೊನೆಗೆ ನನ್ನನ್ನು.

"ಸಣ್ಣಾಕಿ ಲಗ್ನಕ್ಕೂ ನೀನ ಬಾ. ಆ ಮಷಿನ್ ಸೀರಿಗಷ್ಟ ಹಚ್ಚು."